ಉಬ್ಬದ ಹಿಟ್ಟು, ಬಿಸಿಯಾಗದ ರೇಡಿಯೇಟರ್

ಮೊದಲೇ ಸ್ಪಷ್ಟಪಡಿಸುತ್ತೇನೆ: ತಪ್ಪು ಮನೆ ಓನರಿನದು. ಆತನ ರೇಡಿಯೇಟರಿನದು. ಲಂಡನ್ನಿನ ಚಳಿಯದು. ಉಳಿದ ಪಾಲು ಯಾರದೆಂದು ಆಮೇಲೆ ನೋಡೋಣ.

ನನ್ನ ಹೆಂಡತಿ ಸುಧಾಳ ತಮ್ಮನಿಗೆ ಒಂದು ಸಂಬಂಧ ಕೂಡಿಬರುವಂತಿತ್ತು. ಹುಡುಗಿಯ ಮನೆಯವರು ರೇನರ್ಸ್ ಲೇನ್‌ನಿಂದ ಹೇಸ್‌ನ ನಮ್ಮ ಬಾಡಿಗೆ ಮನೆಗೆ ಭಾನುವಾರ ತಿಂಡಿಗೆ ಬರುವವರಿದ್ದರು. "ಇಡ್ಲಿ ನನ್ನ ಜವಾಬ್ದಾರಿ" ಎಂದು ಘೋಷಿಸಿದೆ.

"ಬೇಡ ರೀ, ಈ ಚಳೀಲಿ ಹಿಟ್ಟು ಹುದುಗಲ್ಲ. ಅಂಗಡಿ ಹಿಟ್ಟು ತರೋಣ" ಅಂದಳು ಸುಧಾ.

ಅಂಗಡಿ ಹಿಟ್ಟಂತೆ! ನಾನಿನ್ನೂ ಬದುಕಿದ್ದೇನೆ!

ಶನಿವಾರ ಬೆಳಗ್ಗೆ ಹಿಟ್ಟು ರುಬ್ಬಿ, ಪಾತ್ರೆಯನ್ನು ಹಾಲ್‌ನಲ್ಲಿದ್ದ ಬಾಯ್ಲರಿನ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಪಕ್ಕಕ್ಕಿಟ್ಟು, ಎರಡಕ್ಕೂ ಸೇರಿಸಿ ಒಂದು ರಗ್ಗು ಹೊದಿಸಿದೆ. ಮಧ್ಯಾಹ್ನ ಮುಟ್ಟಿ ನೋಡಿದರೆ ರೇಡಿಯೇಟರ್ ತಣ್ಣಗೆ! ಮೇಲಿನ ಕೋಣೆಯದೋ, ಕೈ ಸುಡುತ್ತಿತ್ತು. ಒಂದೇ ಬಾಯ್ಲರು, ಒಂದೇ ನೀರು, ಅದರಲ್ಲೂ ಪಂಕ್ತಿಭೇದವೇ? ಸಿಟ್ಟಿನಿಂದ ಇನ್ನೊಂದು ರಗ್ಗು ಹೊದಿಸಿದೆ. ಅದು ಇನ್ನಷ್ಟು ತಣ್ಣಗಾಯಿತು.

"ಬಾಡಿಗೆದಾರರ ಹಾಲ್‌ಗೆ ತಮ್ಮ ರೇಡಿಯೇಟರ್ ಉದ್ದೇಶಪೂರ್ವಕವಾಗಿ ಅನ್ಯಾಯ ಎಸಗುತ್ತಿದೆ" ಎಂಬರ್ಥದ ಖಾರವಾದ ಮೇಲ್ ಒಂದನ್ನು ಓನರಿಗೆ ಕಳಿಸಿದೆ. ಉತ್ತರ ಬರುವ ತನಕ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ರೇಡಿಯೇಟರಿನೊಳಗೆ ಗಾಳಿ ಸೇರಿದ್ದರೆ ಬಿಸಿಯಾಗದು, ಅದನ್ನು ಹೊರಗೆ ಬಿಡಬೇಕು ಎಂದು ವಿಡಿಯೋದಲ್ಲಿ ಒಬ್ಬ ಹೇಳಿದ. ಚಿಕ್ಕ ಕೀಲಿ ಹಾಕಿ ಸ್ವಲ್ಪ ತಿರುಗಿಸಬೇಕಂತೆ. ನಾನು ಧಾರಾಳವಾಗಿ ತಿರುಗಿಸಿದೆ.

ಗಾಳಿ ಬರಲಿಲ್ಲ. ಕಪ್ಪು ನೀರು ಬಂತು! ನನ್ನ ಮುಖಕ್ಕೆ, ಗೋಡೆಗೆ, ಓನರಿನ ಬಿಳಿ ಕಾರ್ಪೆಟ್ಟಿಗೆ. "ಮುಚ್ರೀ ಅದನ್ನ!" ಎಂದು ಸುಧಾ ಕಿರುಚಿದಳು. ನಾನು ಮುಚ್ಚುವಷ್ಟರಲ್ಲಿ ನೀರಿನ ಪ್ರೆಶರ್ ಇಳಿದು ಬಾಯ್ಲರೇ ನಿಂತಿತು. ಪಂಕ್ತಿಭೇದ ಸಂಪೂರ್ಣ ನಿವಾರಣೆಯಾಯಿತು. ಇಡೀ ಮನೆ ತಣ್ಣಗಾಯಿತು.

ಗಲಾಟೆ ಕೇಳಿ ಪಕ್ಕದ ಮನೆಯ ಗ್ರೇಸಿಬಾಯಿ ಓಡಿ ಬಂದರು. ಉಡುಪಿ ಕಡೆಯವರು, ಈ ಬೀದಿಯಲ್ಲೇ ಹಳಬರು. ಬಾಯ್ಲರಿಗೆ ನೀರು ತುಂಬಿಸಿ ಚಾಲೂ ಮಾಡಿದರು. ಆಮೇಲೆ ಎರಡೂ ರಗ್ಗು ಎತ್ತಿ ನೋಡಿದರು.

"ಇದೆಂತ ಮಾರಾಯ್ರೆ? ರೇಡಿಯೇಟರಿಗೆ ಜ್ವರವಾ?"

ರೇಡಿಯೇಟರಿನ ಮೂಲೆಯಲ್ಲಿದ್ದ ಅಂಕೆಗಳ ತಿರುಪನ್ನು ಬೆರಳಿನಿಂದ ತಟ್ಟಿದರು. "ರೂಮು ಬೆಚ್ಚಗಾದ್ರೆ ಇದು ಬಿಸಿನೀರು ಬಂದ್ ಮಾಡ್ತದೆ. ನೀವು ರಗ್ಗು ಹಾಕಿದ್ರಿ. ಒಳಗೆ ಸೆಕೆ ಆಯ್ತು. ರೂಮೇ ಸೆಕೆ ಅಂತ ಅದು ತಿಳ್ಕೊಂಡಿತು. ಪಾಪ, ಅದಕ್ಕೆ ನಿಮ್ಮ ಇಡ್ಲಿ ವಿಷಯ ಎಂತ ಗೊತ್ತುಂಟು?"

ನಾನು ಹೊದಿಸಿದಷ್ಟೂ ಅದು ತಣ್ಣಗಾದದ್ದು ಅದಕ್ಕೇ! ಓನರಿನ ಉತ್ತರವೂ ಬಂತು: ರೇಡಿಯೇಟರಿನ ಮೇಲೆ ಏನಾದರೂ ಹೊದಿಸಿದ್ದೀರಾ? ಸುಧಾ ಅದನ್ನು ಎರಡು ಸಲ ಜೋರಾಗಿ ಓದಿದಳು.

ಭಾನುವಾರ ಹಿಟ್ಟು ಇಟ್ಟ ಹಾಗೆಯೇ ಇತ್ತು. ಹುಡುಗಿಯ ಮನೆಯವರು ಕಪ್ಪು ಕಾರ್ಪೆಟ್ಟಿನ ಮೇಲೆ ಕಾಲಿಟ್ಟುಕೊಂಡು ಸುಧಾ ಮಾಡಿದ ಉಪ್ಪಿಟ್ಟು ತಿಂದರು. ನನ್ನ ಕಥೆ ಕೇಳಿ ಹುಡುಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸಂಬಂಧ ಕುದುರಿತು!

ಮದುವೆಯಲ್ಲಿ ಅಡುಗೆಯ ಉಸ್ತುವಾರಿ ನನಗೇ ಎಂದುಕೊಂಡಿದ್ದೆ. ಇಲ್ಲವಂತೆ. ಬಾಗಿಲಲ್ಲಿ ನಿಂತು ಬಂದವರ ಮೇಲೆ ಪನ್ನೀರು ಚಿಮುಕಿಸಬೇಕಂತೆ.

"ಅದರಲ್ಲಿ ನಿಮಗೆ ಅನುಭವ ಇದೆಯಲ್ಲ" ಅಂದಳು ಸುಧಾ.