ನಲ್ಲಿ ಕಡೆಯ ಚಕ್ರ

ದರ್ಜಿ: ಈ ಪಾರ್ಟು ಒಳಗೆ ಹೋಗಲ್ಲ ಅಂದ್ರೆ ಹೋಗಲ್ಲ ಕಣೇ! ಅಂಗಡಿಯವನು ಯಾವುದೋ ಬೇರೆ ಗಾಡೀದು ಕೊಟ್ಟು ನಿನಗೆ ಟೋಪಿ ಹಾಕಿದಾನೆ.

ಹೆಂಡತಿ: ಟೋಪಿ ಹಾಕಿಸ್ಕೊಳ್ಳೋಕೆ ನಾನೇನು ನಿಮ್ಮ ಗಿರಾಕೀನಾ? ಮಾಡೆಲ್ಲು, ವರ್ಷ, ಯಾವ ಕಡೆಯ ಚಕ್ರ, ಎಲ್ಲಾ ಚೀಟೀಲಿ ಬರ್ಕೊಂಡು ಹೋಗಿ ತಂದಿದೀನಿ.

ದರ್ಜಿ: ಹಾಗಾದ್ರೆ ಕಂಪನಿಯವರೇ ತಪ್ಪು ಮಾಡಿರ್ತಾರೆ.

ಹೆಂಡತಿ: ಹೌದೌದು. ಲೋಕದಲ್ಲಿ ತಪ್ಪು ಮಾಡದೇ ಇರೋರು ನೀವೊಬ್ಬರೇ ನೋಡಿ!

ಅಂಗಳದಲ್ಲಿ ಮಿನಿವ್ಯಾನು ಜಾಕಿನ ಮೇಲೆ ಒಂದು ಮುಂಗಾಲೆತ್ತಿ ನಿಂತಿತ್ತು. ಕಳಚಿದ ಚಕ್ರ ನಲ್ಲಿಯ ಪಕ್ಕದ ಗೋಡೆಗೆ ಒರಗಿತ್ತು. ದರ್ಜಿಯ ಮಡಿಲಲ್ಲಿ ಹೊಸ ಸ್ಟೀರಿಂಗ್ ನಕಲ್ ಇತ್ತು. ಮುಂಚಕ್ರವನ್ನು ಬಿಗಿಯಾಗಿ ಹಿಡಿದು, ಸ್ಟೀರಿಂಗ್ ಹೇಳಿದತ್ತ ತಿರುಗಿಸುವ ದಪ್ಪ ಕಬ್ಬಿಣದ ತುಂಡು ಅದು. ಮೊನ್ನೆ ವ್ಯಾನು ಗುಂಡಿಗೆ ಬಿದ್ದಾಗ ಹಳೆಯದು ಬಾಗಿ, ಚಕ್ರ ಸೊಟ್ಟಗಾಗಿತ್ತು. ಗ್ಯಾರೇಜಿನವನು ಊರಲ್ಲಿರಲಿಲ್ಲ. "ಕೋಟು ಪೂರ್ತಿ ಬಿಚ್ಚಿ ಮತ್ತೆ ಹೊಲಿಯೋನಿಗೆ ಇದೇನು ಮಹಾ ಕೆಲಸ" ಎಂದು ದರ್ಜಿ ತಾನೇ ತೋಳೇರಿಸಿದ್ದ. ಸಂಜೆ ನಾಲ್ಕಕ್ಕೆ ಆಸ್ಪತ್ರೆಯಿಂದ ನಾದಿನಿಯನ್ನೂ ಅವಳ ಅವಳಿ ಕೂಸುಗಳನ್ನೂ ಇದೇ ವ್ಯಾನಿನಲ್ಲಿ ಕರೆತರುತ್ತೇನೆಂದು ಮಾತು ಬೇರೆ ಕೊಟ್ಟುಬಿಟ್ಟಿದ್ದ.

ಇಷ್ಟಕ್ಕೂ ಸಾಕ್ಷಿಯಾಗಿ ಕುರ್ಚಿ ಹಾಕಿಕೊಂಡು ಕೂತವರು ಮಾವ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದವರು. ಹೋದ ತಿಂಗಳು ಅವರ ಸಲಹೆ ಕೇಳಿ ಮಿಕ್ಸಿ ಬಿಚ್ಚಿ ಕೆಡಿಸಿದ್ದ ದರ್ಜಿ ಇವತ್ತು ಮೊದಲೇ ಕರಾರು ಹಾಕಿದ್ದ: "ಕೂತ್ಕೊಳ್ಳಿ, ನೋಡಿ, ಆದ್ರೆ ಬಾಯಿ ಮಾತ್ರ ಬಿಡಬಾರದು." ಮಾವ ಬಾಯಿ ಬಿಡಲಿಲ್ಲ. ಕೆಮ್ಮಿದರು. ಆ ಕೆಮ್ಮೇ ದರ್ಜಿಯ ಜೀವ ಹಿಂಡುತ್ತಿತ್ತು.

ಮಾವ: ಅಹ್ಹಂ.

ದರ್ಜಿ: ನೋಡಿದ್ಯಾ? ಮತ್ತೆ ಕೆಮ್ಮಿದ್ರು. ಈ ಬೋಲ್ಟು ಮುಟ್ಟಬಾರದು ಅಂತ ಅರ್ಥ.

ಹೆಂಡತಿ: ಅಪ್ಪನ್ನೇ ಕೇಳಿಬಿಡಿ, ಮುಗೀತು.

ದರ್ಜಿ: ಪ್ರಾಣ ಹೋದ್ರೂ ಕೇಳಲ್ಲ. ಬೆಳಗ್ಗೆ ಒಂದು ಸಲ ಕೆಮ್ಮಿದ್ರು ಅಂತ ಬ್ರೇಕು ಪೂರ್ತಿ ಬಿಚ್ಚಿದೆ. ಇನ್ನೊಂದು ಸಲ ಕೆಮ್ಮಿದ್ರು ಅಂತ ವಾಪಸ್ ಹಾಕಿದೆ. ಅವರಿಗೆ ಎಲ್ಲಾ ಗೊತ್ತು. ನಾನು ಸೋಲೋದನ್ನ ನೋಡೋಕೇ ಕೂತಿದಾರೆ.

ಹೆಂಡತಿ: ಗಂಟೆ ಹನ್ನೆರಡೂವರೆ ಆಯ್ತು ರೀ. ತಂಗಿ ಆಗ್ಲೇ ಬಟ್ಟೆಬರೆ ಕಟ್ಟಿಟ್ಕೊಂಡು ಕೂತಿದಾಳಂತೆ. ಎಲ್ಲಿ, ಹಳೇದನ್ನೂ ಹೊಸದನ್ನೂ ಜೋಡಿಸಿ ಇಡಿ, ನಾನೂ ನೋಡ್ತೀನಿ.

ದರ್ಜಿ ಗೊಣಗುತ್ತಲೇ ಎರಡನ್ನೂ ಗೋಣಿಚೀಲದ ಮೇಲೆ ಅಕ್ಕಪಕ್ಕ ಇಟ್ಟ. ಒಂದರ ಕೈ ಈ ಕಡೆ ಚಾಚಿತ್ತು, ಇನ್ನೊಂದರದು ಆ ಕಡೆ. ಇಪ್ಪತ್ತು ವರ್ಷ ತೋಳು ಕತ್ತರಿಸಿದ ಕಣ್ಣು ಅದು, ಮೋಸ ಹೋಗುವಂಥದ್ದಲ್ಲ.

ದರ್ಜಿ: ಅಯ್ಯೋ. ಇದು ಆ ಕಡೆ ತೋಳು.

ಹೆಂಡತಿ: ಅಂದ್ರೆ?

ದರ್ಜಿ: ಎಡಗೈ ತೋಳನ್ನ ಬಲಗೈಗೆ ಹೊಲಿಯೋಕೆ ಹೊರಟಿದೀನಿ ಕಣೇ. ಮತ್ತೆ... ಈ ಬಿಚ್ಚಿದ್ದು ಬಾಗೇ ಇಲ್ಲ. ಚೆನ್ನಾಗೇ ಇದೆ!

ಹೆಂಡತಿ: ಚೆನ್ನಾಗಿರೋದನ್ನ ಯಾಕ್ರೀ ಬಿಚ್ಚಿದ್ರಿ?

ದರ್ಜಿ: ನಿನ್ನೆ ಸಂಜೆ ಇಬ್ಬರೂ ಬಗ್ಗಿ ನೋಡ್ಲಿಲ್ವಾ? ಸೊಟ್ಟಗಿದ್ದದ್ದು ನಲ್ಲಿ ಕಡೆ ಚಕ್ರ. ಚೆನ್ನಾಗಿ ನೆನಪಿಟ್ಕೊಂಡು, ಅದನ್ನೇ ಬಿಚ್ಚಿದೀನಿ.

ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು.

ಹೆಂಡತಿ: ಬೆಳಗ್ಗೆ ಆರು ಗಂಟೆಗೆ ನಾನು ವ್ಯಾನು ತಿರುಗಿಸಿ ನಿಲ್ಲಿಸಿದೆ. ಸಂಜೆ ಸೀದಾ ಗೇಟಿಂದ ಹೊರಡೋಕೆ ಆಗ್ಲಿ ಅಂತ.

ದರ್ಜಿ: ತಿರುಗಿಸಿದ್ಯಾ? ಸೊಟ್ಟ ಚಕ್ರ ಇಟ್ಕೊಂಡು? ನನಗೆ ಒಂದು ಮಾತು ಹೇಳದೆ?

ಹೆಂಡತಿ: ಅಂಗಳದಲ್ಲೇ ಮೆಲ್ಲಗೆ ತಿರುಗಿಸಿದೆ. ಹೇಳೋದೇನು ಬಂತು? ಇಷ್ಟು ದೊಡ್ಡ ಗಾಡಿ! ಮೂತಿ ಯಾವ ಕಡೆ ಇದೆ ಅಂತ ನೋಡ್ಲಿಲ್ವಾ ನೀವು?

ದರ್ಜಿ: ನಲ್ಲಿ ಎಲ್ಲಿದೆ ಅಂತ ನೋಡಿದೆ. ನಲ್ಲಿಯನ್ನ ಯಾರೂ ತಿರುಗಿಸಿ ನಿಲ್ಲಿಸಲ್ಲ ಅನ್ನೋ ನಂಬಿಕೆ ಮೇಲೆ!

ಮಾವ: ಅಹ್ಹಂ, ಅಹ್ಹಂ.

ದರ್ಜಿ ಸ್ಪ್ಯಾನರ್ ಕೆಳಗಿಟ್ಟ. ಒಳ್ಳೆಯದನ್ನು ವಾಪಸ್ ಕೂರಿಸಬೇಕು, ಆ ಕಡೆಯದನ್ನು ಬಿಚ್ಚಬೇಕು, ಹೊಸದನ್ನು ಹಾಕಬೇಕು. ಉಳಿದಿರುವುದು ಮೂರೂವರೆ ಗಂಟೆ. ಮಾವನ ಮುಂದೆ ತಲೆ ತಗ್ಗಿಸುವುದೆಂದರೆ ಅವನಿಗೆ ಪ್ರಾಣಸಂಕಟ. ಆದರೂ ಎದ್ದು ಹೋಗಿ ಕುರ್ಚಿಯ ಮುಂದೆ ನಿಂತು ಕೈ ಜೋಡಿಸಿದ.

ದರ್ಜಿ: ಮಾವ, ನಾನು ಸೋತೆ. ಕರಾರು ರದ್ದು. ಬಾಯಿ ಬಿಡಿ.

ಮಾವ: ಬಿಡ್ಲಾ? ಆಮೇಲೆ ಬೇಜಾರು ಮಾಡ್ಕೋಬಾರದು.

ದರ್ಜಿ: ಇಲ್ಲ ಮಾವ. ತಪ್ಪು ಚಕ್ರ ಬಿಚ್ತಿದೀನಿ ಅಂತ ನಿಮಗೆ ಬೆಳಗ್ಗೇನೇ ಗೊತ್ತಿತ್ತು, ಅಲ್ವಾ?

ಮಾವ: ಎಲ್ಲಿ ಗೊತ್ತು ಅಳಿಯಂದಿರೇ! ಈಗ ನೀವಿಬ್ಬರೂ ಜಗಳ ಆಡಿದಾಗಲೇ ನನಗೂ ತಿಳಿದದ್ದು.

ದರ್ಜಿ: ಮತ್ತೆ ಆ ಕೆಮ್ಮು?

ಮಾವ: ನೀವು ಬ್ರೇಕಿನ ಧೂಳು ಊದ್ತಿದ್ರಲ್ಲ, ಅದೆಲ್ಲಾ ನನ್ನ ಮೂಗಿಗೇ ಬಂತು.

ದರ್ಜಿ: ಎರಡನೇ ಸಲ?

ಮಾವ: ಟೀ ಕೇಳೋಣ ಅಂತ. ಬಾಯಿ ಬಿಡಬಾರದು ಅಂದಿದ್ರಿ.

ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ದರ್ಜಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ದರ್ಜಿ: ಹೋಗ್ಲಿ, ಆದದ್ದಾಯ್ತು. ಈಗ ಹೇಗೆ ಶುರು ಮಾಡೋದು ಅಂತ ಹೇಳಿ. ಡಿಪೋದಲ್ಲಿ ಇಂಥವು ಸಾವಿರ ಬಿಚ್ಚಿರ್ತೀರಿ.

ಮಾವ ಅತ್ತಿತ್ತ ನೋಡಿ, ಮಗಳಿಗೂ ಕೇಳದಷ್ಟು ಮೆಲ್ಲಗೆ ಹೇಳಿದರು.

ಮಾವ: ಡಿಪೋದಲ್ಲಿ ನನ್ನದು ಹಿಂದಿನ ಚಕ್ರ. ಮುಂದಿನದಕ್ಕೆ ಬೇರೆಯವರಿದ್ರು. ಮೂವತ್ತೊಂದು ವರ್ಷ ಅವರೂ ಈ ಕಡೆ ಬರಲಿಲ್ಲ, ನಾನೂ ಆ ಕಡೆ ಹೋಗಲಿಲ್ಲ.

ದರ್ಜಿ: ಮಾವಾ!

ಮಾವ: ಈ ಮನೇಲಿ ಮುಂಚಕ್ರ ಬಿಚ್ಚಿದ ಅನುಭವ ಇರೋರು ನೀವೊಬ್ಬರೇ. ಹೇಳಿ, ನಾನೇನು ಹಿಡ್ಕೊಳ್ಳಲಿ?

ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮೊದಲ ಸಲ ಮಾವ ತನ್ನನ್ನು ಹೀಗೆ ಕೇಳಿದ್ದು. ದರ್ಜಿಗೆ ಎಲ್ಲಿಲ್ಲದ ಹುರುಪು ಬಂತು. "ಟಾರ್ಚ್ ಹಿಡೀರಿ" ಎಂದ. ಮಾವ ಹಿಡಿದರು. "ಅಲ್ಲಲ್ಲ, ಇನ್ನೂ ಕೆಳಗೆ" ಎಂದ. ಮಾವ ಸೊಂಟ ಹಿಡಿದುಕೊಂಡೇ ಬಗ್ಗಿದರು. ಬೆಳಗ್ಗೆ ಬೆವರಿಳಿಸಿದ್ದ ಬೋಲ್ಟುಗಳೆಲ್ಲ ಈಗ ಪರಿಚಯದವರ ಹಾಗೆ ಕೈಗೆ ಬಂದವು. ಮೂರೂ ಮುಕ್ಕಾಲಿಗೆ ವ್ಯಾನು ತನ್ನ ನಾಲ್ಕೂ ಕಾಲುಗಳ ಮೇಲೆ ನಿಂತಿತು. ಹೆಂಡತಿ ಬೀದಿಯಲ್ಲಿ ಎರಡು ಸುತ್ತು ಓಡಿಸಿ, ಬ್ರೇಕು ಒತ್ತಿ ನೋಡಿ, ತೃಪ್ತಿಯಿಂದ ತಲೆಯಾಡಿಸಿದಳು.

ಆಸ್ಪತ್ರೆಯ ಬಾಗಿಲಲ್ಲಿ ನಾದಿನಿ ಒಂದು ಕೂಸನ್ನು ತಾನೆತ್ತಿಕೊಂಡು, ಇನ್ನೊಂದನ್ನು ಗಂಡನಿಗೆ ಕೊಟ್ಟು ನಿಂತಿದ್ದಳು. ದರ್ಜಿಯ ಗ್ರೀಸು ಮೆತ್ತಿದ ಕಪ್ಪು ಕೈ ಕಂಡದ್ದೇ ಹತ್ತಲು ಎತ್ತಿದ ಕಾಲನ್ನು ಹಿಂದಕ್ಕೆ ಇಳಿಸಿದಳು.

ನಾದಿನಿ: ಭಾವ, ನಿಜ ಹೇಳಿ. ಗಾಡಿ ಗ್ಯಾರೇಜಲ್ಲಿ ರಿಪೇರಿ ಆಯ್ತೋ, ನೀವೇ ಮಾಡಿದ್ದೋ?

ದರ್ಜಿ ಬಾಯಿ ತೆರೆಯುವ ಮೊದಲೇ ಮಾವ ವ್ಯಾನಿನ ಒಳಗಿನಿಂದ ತಲೆ ಹೊರಹಾಕಿದರು.

ಮಾವ: ಧೈರ್ಯವಾಗಿ ಹತ್ತಮ್ಮ. ಬೇರೆ ಮೆಕ್ಯಾನಿಕ್ ಆಗಿದ್ರೆ ಕೆಟ್ಟದ್ದೊಂದನ್ನೇ ಬಿಚ್ಚಿ ಕೈ ತೊಳ್ಕೋತಿದ್ದ. ನಿನ್ನ ಭಾವ ಒಳ್ಳೇದನ್ನೂ ಬಿಡಲಿಲ್ಲ!