ಎರವಲು ಅಜ್ಜಿ ಮತ್ತು ಟಿವಿಯ ಬೀಗ

ಮುಷ್ಕರ ಮುಗಿದ ಮೇಲೂ ಅಪ್ಪ ಅರ್ಧ ದಿನ ಒಬ್ಬರೇ ಮುಷ್ಕರ ಮಾಡಿದ್ದು ನನ್ನಿಂದ ಎಂದು ಜಹೀರಾಬಾದಿನ ನಮ್ಮ ಓಣಿ ಇಂದಿಗೂ ಹೇಳುತ್ತದೆ. ಈ ಆರೋಪದಲ್ಲಿ ಹುರುಳಿಲ್ಲ. ನಾನು ಟಿವಿಗೆ ಶಿಸ್ತು ಕಲಿಸಿದ್ದೆ, ಅಷ್ಟೆ.

ತೆಲಂಗಾಣ ಹೋರಾಟದ ದಿನಗಳು. ಬಸ್ ಡಿಪೋದ ನೌಕರರಾದ ಅಪ್ಪ ಧರಣಿ ಟೆಂಟಿನಲ್ಲಿ. ಕಾಲೇಜು, ಶಾಲೆ ಮುಚ್ಚಿ ನಾನೂ ನಾಲ್ಕನೇ ತರಗತಿಯ ತಂಗಿ ಸುಮಾಳೂ ಟಿವಿ ಮುಂದೆ. ಸಿನಿಮಾಕ್ಕೆ ಮೊದಲು ಬರುವ ಸೆನ್ಸಾರಿನ ಅಕ್ಷರ ನೋಡಿ ಅವ್ವ ತೀರ್ಪು ಕೊಡುತ್ತಿದ್ದಳು. 'ಯು' ಇದ್ದರೆ ನೋಡು, 'ಎ' ಇದ್ದರೆ ಏಳು, 'ಯುಎ' ಇದ್ದರೆ ಪಕ್ಕದಲ್ಲಿ ದೊಡ್ಡವರಿರಬೇಕು.

ಒಂದು ಮಧ್ಯಾಹ್ನ 'ಯುಎ' ಅಕ್ಷರದ ತೆಲುಗು ಸಿನಿಮಾ ಬಂತು; ಸುಮಾ ದೊಡ್ಡವರನ್ನು ಕರೆತಂದಳು. ಎದುರು ಮನೆಯ ಗುರಮ್ಮಜ್ಜಿ. ಬೀದರ್ ಕಡೆಯಿಂದ ಮಗಳ ಮನೆಗೆ ಬಂದವರು, ತೆಲುಗು ಬಾರದು.

"ಏನಂತಾನವ್ವ ಅವ?"

"ಕೊಲ್ತೀನಿ ಅಂತಾನಜ್ಜಿ."

"ಯಾಕ?"

ಸುಮಾ ಕಾರಣಗಳನ್ನು ಸವಿಸ್ತಾರವಾಗಿ ವಿವರಿಸಿದಳು.

"ಯಾರು ಯಾರಿಗೆ ತಿಳಿಸಿ ಹೇಳಾಕತ್ತೀರಿ ಇಲ್ಲಿ?" ಎಂದೆ.

"ದೊಡ್ಡವ್ರು ಕುಂತಿರಬೇಕಂತ ಅದ. ಅವ್ರಿಗಿ ತಿಳೀಬೇಕಂತ ಎಲ್ಲಿ ಅದ?"

ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವಳು ನಾನು. ಉತ್ತರ ಹೊಳೆಯದವರು ಕಾನೂನು ಮಾಡುತ್ತಾರೆ. ಡಿಶ್ಶಿನ ಡಬ್ಬಿಯಲ್ಲಿ 'ಯು' ಒಂದನ್ನು ಬಿಟ್ಟು ಉಳಿದೆಲ್ಲಕ್ಕೂ ಗುಪ್ತ ಸಂಖ್ಯೆಯ ಬೀಗ ಜಡಿದೆ.

ಅಂದೇ ಸಂಜೆ ಮುಷ್ಕರದ ತೀರ್ಮಾನ ಬರುವುದಿತ್ತು. ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿ. ನಾಳೆ ಡ್ಯೂಟಿಯೋ ಧರಣಿಯೋ, ಅಪ್ಪನಿಗೆ ಅದೊಂದೇ ಚಿಂತೆ. ಟಿವಿ ಹಾಕಿದರೆ ಸುದ್ದಿ ಚಾನೆಲ್‌ಗಳಿಗೆಲ್ಲ ಬೀಗ. ಸುದ್ದಿಗೆ ಅಕ್ಷರವೇ ಇರುವುದಿಲ್ಲ. ಅಕ್ಷರವಿಲ್ಲದ್ದು ನನ್ನ ಕಾನೂನಿನಲ್ಲಿ ನಿಷಿದ್ಧ. ತೆರೆದದ್ದು ಕಾರ್ಟೂನ್ ಮಾತ್ರ. ಅದರಲ್ಲಿ ಕರಡಿಯೊಂದು ನರಿಯ ತಲೆಗೆ ಸುತ್ತಿಗೆ ಬೀಸುತ್ತಿತ್ತು.

"ಇದ ಏನ್ರಿ ತೀರ್ಮಾನ?" ಎಂದರು ಗುರಮ್ಮಜ್ಜಿ.

"ನಂಬರ್ ಹಾಕವ್ವ ಲಗೂನ," ಎಂದರು ಅಪ್ಪ.

ಹಾಕಿದೆ. ತಪ್ಪು. ಮತ್ತೆ ಹಾಕಿದೆ. ಮತ್ತೆ ತಪ್ಪು. ಆತ್ಮವಿಶ್ವಾಸದಿಂದ ಇನ್ನೊಂದು ಹಾಕಿದೆ. ಅದೂ ತಪ್ಪು. ಆಗ ಸುಮಾ ರಿಮೋಟ್ ತೆಗೆದುಕೊಂಡು ಪಟಪಟ ಒತ್ತಿದಳು. ಬೀಗ ತೆರೆಯಿತು. ಅಷ್ಟರಲ್ಲಿ ಘೋಷಣೆ ಮುಗಿದು ಸಾಬೂನಿನ ಜಾಹೀರಾತು ಬರುತ್ತಿತ್ತು. ಸಾಬೂನು ನೊರೆಯಾಗುವ ಮೊದಲೇ ಕರೆಂಟ್ ಹೋಯಿತು, ರಾತ್ರಿಯಿಡೀ ಬರಲಿಲ್ಲ.

"ನಂಬರ್ ನಿನಗ ಹೆಂಗ ಗೊತ್ತ?"

"ಬೀಗ ಹಾಕೋ ಮುಂದ ನೀನ ಜೋರಾಗಿ ಅನ್ಕೋತ ಒತ್ತಿದಿ. ಎದುರು ಮನಿಗೂ ಕೇಳ್ಯಾದ."

ಮರುದಿನ ತೀರ್ಮಾನ ತಿಳಿಯದ ಅಪ್ಪ ಧರಣಿ ಟೆಂಟಿನಲ್ಲಿ ಒಬ್ಬರೇ ಕುಳಿತರು. ಮಧ್ಯಾಹ್ನ ಶಾಮಿಯಾನದವನು ಬಂದು, "ಏಳ್ರಿ ಸಾಹೇಬ್ರ, ಟೆಂಟ್ ಬಿಚ್ಚಬೇಕು," ಎಂದ ಮೇಲೇ ಹೋರಾಟ ಹಿಂತೆಗೆದುಕೊಂಡರು.

ತಪ್ಪು ಕರೆಂಟಿನದು ಎಂಬ ನನ್ನ ವಾದ ಇಂದಿಗೂ ನಿಂತಿದೆ, ನನ್ನೊಬ್ಬಳ ಬೆಂಬಲದಿಂದ. ಎದುರು ಪಕ್ಷಕ್ಕೆ ಮಾತ್ರ ಒಂದು ಪ್ರಶ್ನೆ: ಸುಮಾ, ನಂಬರ್ ಗೊತ್ತಿದ್ದೂ, ನಾ ಮೂರು ಸಲ ತಪ್ಪು ಒತ್ತೂ ತನಕ ಯಾಕ ಸುಮ್ಮನ ಕುಂತಿದ್ದಿ?