ಕುರ್ಚಿ ಬಿಟ್ಟ ಟೈಲರು

ಎಲ್ಲಕ್ಕೂ ಮೂಲ ಭಾನುವಾರ ಬೆಳಗ್ಗೆ ಚರ್ಚಿನಲ್ಲಿ ಕೇಳಿದ ಪ್ರಸಂಗ. ದೇವರ ಜಾಗದಲ್ಲಿ ನಾವು ಏನನ್ನು ಕೂರಿಸಿದ್ದೇವೋ ಅದೇ ನಮ್ಮ ವಿಗ್ರಹ, ಅದನ್ನು ಇವತ್ತೇ ಬಿಟ್ಟುಬಿಡಿ ಎಂದರು ಪಾಸ್ಟರ್. ಚರ್ಚಿನಲ್ಲಿದ್ದವರೆಲ್ಲ ಪಕ್ಕದವರ ವಿಗ್ರಹ ಯಾವುದಿರಬಹುದೆಂದು ಯೋಚಿಸುತ್ತಿದ್ದರೆ, ಟೈಲರಿಗೆ ಮಾತ್ರ ತನ್ನದೇ ನೆನಪಾಯಿತು. ಪಾಪ, ಅವನ ಹಣೆಬರಹ.

ಅದೊಂದು ಕುರ್ಚಿ. ಗಿರಾಕಿಗಳ ಬಟ್ಟೆಯಲ್ಲಿ ಉಳಿದ ಚೂರುಗಳನ್ನೆಲ್ಲ ತುಂಬಿ ಅವನೇ ಮೆತ್ತೆ ಹೊಲಿದಿದ್ದ. ಕೂತರೆ ಏಳುವ ಮನಸ್ಸೇ ಆಗದು. ಪ್ರತಿ ಭಾನುವಾರ ಸಂಜೆ ಚರ್ಚಿನ ಸಭೆಯವರು ಆಸ್ಪತ್ರೆಗೆ ಹೋಗಿ ರೋಗಿಗಳಿಗಾಗಿ ಪ್ರಾರ್ಥಿಸುತ್ತಿದ್ದರು. ಇವನಿಗೆ ಕತ್ತರಿ ಹಿಡಿಯಲು ಕಲಿಸಿದ ಮುದುಕನೂ ಅಲ್ಲೇ ಮಲಗಿದ್ದ. ವಾರವಾರವೂ ಇವನನ್ನೇ ಕೇಳುತ್ತಿದ್ದ. ಟೈಲರಿಗೂ ಹೋಗಲು ಜೀವ ಹೊಡೆದುಕೊಳ್ಳುತ್ತಿತ್ತು. ಹೊರಡುವ ಮುಂಚೆ ಒಂದು ಗಳಿಗೆ ಕೂರೋಣ ಎಂದು ಕೂರುತ್ತಿದ್ದ. ಕಣ್ಣು ಬಿಡುವಷ್ಟರಲ್ಲಿ ಹೋದವರು ವಾಪಸ್ ಬಂದಿರುತ್ತಿದ್ದರು.

ಅವತ್ತು ಊಟ ಮುಗಿದದ್ದೇ ತಡ, ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಚರ್ಚಿಗೆ ಒಪ್ಪಿಸಲು ಹೊರಟ. ಬೀದಿ ಸುಮ್ಮನಿರುತ್ತದೆಯೇ? ಪಕ್ಕದ ಮನೆಯ ಅತ್ತೆ ತಡೆದು ನಿಲ್ಲಿಸಿ, ಕಾಲು ಗಟ್ಟಿಯಿದೆಯಾ ನೋಡುತ್ತೇನೆಂದು ಕೂತವರು ಗೊರಕೆ ಹೊಡೆಯತೊಡಗಿದರು. ಅವರನ್ನು ಎಬ್ಬಿಸಲು ಬಂದ ಇಸ್ತ್ರಿಯವನು, ಎಬ್ಬಿಸಿದ ಮೇಲೆ ತಾನೇ ಕೂತ. ಕೊನೆಗೆ ಟೈಲರು ಕುರ್ಚಿಯನ್ನೇ ಮಗುಚಿ ಅವನನ್ನು ಕೆಳಗಿಳಿಸಬೇಕಾಯಿತು.

ಚರ್ಚು ಮುಟ್ಟುವಾಗ ಬೆವರಿನಲ್ಲಿ ತೊಯ್ದುಹೋಗಿದ್ದ. ಆದರೆ ಎದೆ ಹಗುರಾಗಿತ್ತು. ಪಾಸ್ಟರ್ ಅವನ ಬೆನ್ನು ತಟ್ಟಿದರು. ಈ ಕುರ್ಚಿಯಲ್ಲಿ ಅಂಥದ್ದೇನಿದೆ ಎನ್ನುತ್ತ ತಾವೂ ಕೂತರು.

ಆಸ್ಪತ್ರೆಗೆ ಹೊರಟವರೆಲ್ಲ ಸೇರಿದರು. ಎಲ್ಲರಿಗಿಂತ ಮುಂದೆ ಬೈಬಲ್ ಹಿಡಿದು ಟೈಲರು ನಿಂತಿದ್ದ. ಪಾಸ್ಟರ್ ಮಾತ್ರ ಬಂದೆ, ಬಂದೆ ಎನ್ನುತ್ತಿದ್ದರೇ ಹೊರತು ಏಳಲಿಲ್ಲ. ಸಭೆಯವರು ಕಾದು ಕಾದು ಹಾಡು ಶುರುಮಾಡಿದರು. ಹಾಡೂ ಮುಗಿಯಿತು. ಆಗ ಪಾಸ್ಟರ್ ಎರಡೂ ಕೈಯೂರಿ, ಕಷ್ಟಪಟ್ಟು ಮೇಲೆದ್ದರು. ಕಣ್ಣು ತುಂಬಿತ್ತು.

"ಬ್ರದರ್, ಇದು ಇಲ್ಲಿದ್ರೆ ನಾನು ಕೆಟ್ಟೆ. ಈಗಲೇ ಮನೆಗೆ ತಗೊಂಡ್ಹೋಗಿ. ಯಾರೂ ಕೂರದ ಹಾಗೆ ಕಾಯಿರಿ, ನೀವೂ ಕೂರಬೇಡಿ. ಇದೇ ನೀವು ದೇವರಿಗೆ ಮಾಡೋ ಸೇವೆ."

"ಮತ್ತೆ ಆಸ್ಪತ್ರೆ? ಕೆಲಸ ಕಲಿಸಿದ ಮೇಷ್ಟ್ರು ಕಾಯ್ತಿರ್ತಾರೆ."

"ನೀವು ಆ ಕಡೆ ಹೋದ್ರೆ ಇದನ್ನ ನೋಡ್ಕೊಳ್ಳೋರು ಯಾರು?"

ಅದೂ ಸರಿಯೇ. ಮನೆಗೆ ಬಂದು ಇಳಿಸುವಷ್ಟರಲ್ಲಿ ಅತ್ತೆ ಬಾಗಿಲಲ್ಲಿ ಇಣುಕುತ್ತಿದ್ದರು. ಟೈಲರು ಕುರ್ಚಿಯನ್ನು ನಡುಮನೆಯಲ್ಲಿಟ್ಟು ಧೂಳು ಒರೆಸಿದ. ಎದುರಿಗೆ ನೆಲದ ಮೇಲೆ ಕಾಲು ಮಡಚಿ, ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತ ಕೂತ. ಕಿಟಕಿಯಾಚೆ ಸಭೆಯವರು ಆಸ್ಪತ್ರೆಯತ್ತ ಹೋಗುತ್ತಿದ್ದರು. ಅವನಿಗೆ ಅಳು ಬಂತು.

ಅಡುಗೆಮನೆಯಿಂದ ಬಂದ ಹೆಂಡತಿ ಒಮ್ಮೆ ಕುರ್ಚಿಯನ್ನು ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು.

"ಅಲ್ರೀ, ಇಷ್ಟು ದಿನ ಇದರ ಮೇಲೆ ಕೂರ್ತಿದ್ರಿ. ಈಗ ಇದರ ಮುಂದೆ ಕೂತಿದೀರಲ್ಲ."